ಐದು ನಿಲ್ದಾಣ, ಮುನ್ನೂರು ಮೀಟರ್: ಎಲ್ಲರೂ ಬರಬಹುದಾದ ಮರ ನಡಿಗೆ ಮಾಡುವುದು ಹೇಗೆ

ಮೂರು ವರ್ಷದ ಹಿಂದೆ ಬಡಾವಣೆಯ ಪಾರ್ಕೊಂದರಲ್ಲಿ ಮರಗಳ ನಡಿಗೆ ಇಟ್ಟುಕೊಂಡಿದ್ದೆ. ಹದಿನೈದು ಜನ ಬಂದರು. ಅವರಲ್ಲಿ ಒಬ್ಬರು ವೀಲ್‌ಚೇರಿನಲ್ಲಿ ಬಂದಿದ್ದರು. ಗೇಟಿನಲ್ಲೇ ಸಿಕ್ಕಿಹಾಕಿಕೊಂಡೆವು. ಬೈಕುಗಳು ಒಳಗೆ ನುಗ್ಗಬಾರದು ಅಂತ ಕಬ್ಬಿಣದ ಕಂಬಗಳನ್ನು ಅಡ್ಡಾದಿಡ್ಡಿ ನೆಟ್ಟಿದ್ದರು. ನಡೆದು ಹೋಗುವವರೇ ಮೈ ಓರೆ ಮಾಡಿಕೊಂಡು ದಾಟಬೇಕು. ಕುರ್ಚಿ ದಾಟುವ ಮಾತೇ ಇಲ್ಲ. "ಪರವಾಗಿಲ್ಲ, ನಾನು ಇಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ" ಅಂದರು ಅವರು. ನಾವು ಹೋಗಿಬಿಟ್ಟೆವು. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಗೇಟಿನ ಹೊರಗೇ ಒಂದು ದೊಡ್ಡ ಹೊಂಗೆ ಮರ ಇತ್ತು. ಆವತ್ತಿನ ಇಡೀ ನಡಿಗೆಯನ್ನು ಅದರ ಕೆಳಗೇ ಮಾಡಬಹುದಿತ್ತು. ಅದು ನನಗೆ ಹೊಳೆಯಲೇ ಇಲ್ಲ.

ಆಮೇಲೆ ನಡಿಗೆ ಮಾಡುವ ರೀತಿಯನ್ನೇ ಬದಲಾಯಿಸಿದೆ. ದೂರ ಕಡಿಮೆ ಮಾಡಿದೆ. ಮಾತು ಕಡಿಮೆ ಮಾಡಿದೆ. ಮುಟ್ಟುವುದು, ಕೇಳುವುದು, ಮೂಸುವುದು, ಚಿತ್ರ ಬರೆಯುವುದು ಜಾಸ್ತಿ ಮಾಡಿದೆ. ಹೀಗೆ ಮಾಡಿದಾಗ ಕಣ್ಣು ಕಾಣದವರು, ಕಿವಿ ಕೇಳದವರು, ಮಂಡಿ ನೋವಿನ ಅಜ್ಜಿಯರು, ಪುಟ್ಟ ಮಕ್ಕಳು ಎಲ್ಲ ಬರುವ ಹಾಗಾಯಿತು. ಉಳಿದವರಿಗೂ ಮೊದಲಿಗಿಂತ ಜಾಸ್ತಿ ಕಾಣಿಸತೊಡಗಿತು. ನಿಮ್ಮ ಏರಿಯಾದಲ್ಲಿ ನೀವೂ ಇಂಥ ಒಂದು ನಡಿಗೆ ಮಾಡಬೇಕು ಅನ್ನುವುದೇ ನನ್ನ ಆಸೆ.

1. ಮೊದಲು ಜನರನ್ನು ಕೇಳಿ, ಜಾಗ ಆಮೇಲೆ

ನಾವೆಲ್ಲ ಮಾಡುವ ತಪ್ಪು ಇದು. ಚೆನ್ನಾಗಿರುವ ಜಾಗ ನೋಡಿ, ದಾರಿ ಗೊತ್ತುಮಾಡಿ, ಕೊನೆಗೆ "ಎಲ್ಲರಿಗೂ ಸ್ವಾಗತ" ಅಂತ ಬರೆಯುತ್ತೇವೆ. ಉಲ್ಟಾ ಮಾಡಿ. ಹೆಸರು ಕೊಡುವವರಿಗೆ ಒಂದೇ ಪ್ರಶ್ನೆ ಕೇಳಿ: "ನೀವು ಆರಾಮಾಗಿ ಬಂದು ಹೋಗೋಕೆ ನಾವು ಏನು ಮಾಡಬೇಕು?" ಏನು ಕಾಯಿಲೆ, ಎಷ್ಟು ಪರ್ಸೆಂಟ್ ಅಂತ ಕೇಳಬೇಡಿ. ಅದು ನಮಗೆ ಬೇಕಾಗಿಲ್ಲ.

ನೋಡಿ ಅಂದಾಜು ಮಾಡುವುದೂ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಅದರಲ್ಲಿ ಎಷ್ಟೋ ಮೇಲ್ನೋಟಕ್ಕೆ ಗೊತ್ತೇ ಆಗುವುದಿಲ್ಲ. ಸಂಸ್ಕೃತಿ, ಮನರಂಜನೆಯಲ್ಲಿ ಪಾಲ್ಗೊಳ್ಳುವುದೂ ಹಕ್ಕು ಅಂತ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ನೀವು ಯಾರಿಗೂ ಉಪಕಾರ ಮಾಡುತ್ತಿಲ್ಲ. ಇದು ಗೇಟಿನಲ್ಲಿ ಅನುಮತಿ ಕೇಳುವಾಗಲೂ ನೆನಪಿರಲಿ.

ಹನ್ನೆರಡು ಜನ ಸಾಕು. ಜೊತೆಗೆ ಮೂವರು ಸಹಾಯಕ್ಕೆ ಬೇಕು.

2. ಜಾಗವನ್ನು ಟೇಪ್ ಹಿಡಿದು ನೋಡಿ

ಮೊದಲ ಸಲ ಮಾಡುವವರಿಗೆ ಕಬ್ಬನ್ ಪಾರ್ಕ್ ಅಥವಾ ಲಾಲ್‌ಬಾಗ್ ಒಳ್ಳೆಯದು. ಎರಡಕ್ಕೂ ಮೆಟ್ರೋ ಇದೆ. ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ, ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಕಾಲಿಗೆ ಸಿಗುವ ಉಬ್ಬು ಹಾದಿಯೂ ಇದೆ. ಎರಡೂ ಕಡೆ ಒಳಗೆ ಡಾಂಬರು ರಸ್ತೆ ಇದೆ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ವಾಹನ ಓಡಾಡುವುದಿಲ್ಲ. ಕಿವಿಯನ್ನೇ ನಂಬಿ ಬರುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಒಂದು ಸಲ ಕಣ್ಣು ಮುಚ್ಚಿಕೊಂಡು ನಿಂತರೆ ಗೊತ್ತಾಗುತ್ತದೆ. ಲಾಲ್‌ಬಾಗಿಗೆ ಹೋಗುವುದಾದರೆ ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಡಿ. ಕಾಲಿಡೋಕೆ ಜಾಗ ಇರುವುದಿಲ್ಲ.

ನಡಿಗೆಗೆ ಸರಿಯಾಗಿ ಏಳು ದಿನ ಮುಂಚೆ, ಅದೇ ಹೊತ್ತಿಗೆ ಹೋಗಿ. ಮಗುವಿನ ತಳ್ಳುಗಾಡಿಯಲ್ಲಿ ಹತ್ತು ಕೇಜಿ ಅಕ್ಕಿ ಇಟ್ಟುಕೊಂಡು ಇಡೀ ದಾರಿ ತಳ್ಳಿಕೊಂಡು ಬನ್ನಿ. ಎಲ್ಲಿ ಗಾಲಿ ಹೂತುಕೊಳ್ಳುತ್ತದೆ, ಎಲ್ಲಿ ಬೇರು ಎದ್ದಿದೆ, ಯಾವ ಚರಂಡಿಯ ಜಾಲರಿಗೆ ಗಾಲಿ ಸಿಗುತ್ತದೆ, ಎಲ್ಲ ಕೈಗೇ ಗೊತ್ತಾಗುತ್ತದೆ. ಆಮೇಲೆ ಅಳತೆ. ಗೇಟಿನ ಬಾಯಿ ಕನಿಷ್ಠ 90 ಸೆಂಟಿಮೀಟರ್ ಇರಬೇಕು. ಇಳಿಜಾರು 12ಕ್ಕೆ 1 ಇರಬೇಕು, ಅಂದರೆ ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ. ಅದಕ್ಕಿಂತ ಕಡಿದಾಗಿದ್ದರೆ ಒಬ್ಬರೇ ಗಾಲಿ ತಿರುಗಿಸಿಕೊಂಡು ಹತ್ತುವುದು ಕಷ್ಟ.

ಶೌಚಾಲಯ. ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಬರಬೇಕೋ ಬೇಡವೋ ಅನ್ನುವುದು ಎಷ್ಟೋ ಜನರಿಗೆ ಇದರ ಮೇಲೇ ನಿಂತಿದೆ. ಬಾಗಿಲಿನ ಅಗಲ ಅಳೆಯಿರಿ. ಒಳಗೆ ಮೆಟ್ಟಿಲಿದೆಯಾ, ಬೆಳಗ್ಗೆ ಬೀಗ ತೆಗೆಯುವವರು ಯಾರು, ನೀರು ಬರುತ್ತದಾ ನೋಡಿ. ಒಳಗೆ ಸರಿಯಿಲ್ಲದಿದ್ದರೆ ಮೆಟ್ರೋ ನಿಲ್ದಾಣದ ಹತ್ತಿರವೇ ನಡಿಗೆ ಮುಗಿಯುವ ಹಾಗೆ ನೋಡಿಕೊಳ್ಳಿ. ನೀವು ಕಂಡಿದ್ದನ್ನು ಬರುವವರಿಗೆ ಇದ್ದ ಹಾಗೇ ತಿಳಿಸಿ. "ಈ ಗೇಟಿನಲ್ಲಿ ಒಂದು ಮೆಟ್ಟಿಲು ಇದೆ, ಮರದ ಹಲಗೆ ಹಾಕುತ್ತೇವೆ" ಅಂತ ಬರೆದರೆ ಸಾಕು. ಬರುವುದೋ ಬೇಡವೋ ಅವರೇ ತೀರ್ಮಾನ ಮಾಡುತ್ತಾರೆ.

ಈ ಎರಡೂ ಉದ್ಯಾನ ತೋಟಗಾರಿಕೆ ಇಲಾಖೆಯದ್ದು. ಗುಂಪು ಕಟ್ಟಿಕೊಂಡು ಹೋಗುವಾಗ ಮೊದಲೇ ಒಂದು ಪತ್ರ ಕೊಟ್ಟಿರಿ. ಕಾವಲುಗಾರರಿಗೂ ಹಿಂದಿನ ದಿನ ಹೇಳಿಡಿ.

3. ತಿಂಗಳು ನೋಡಿ ಮರ ಆರಿಸಿ

1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಲಾಲ್‌ಬಾಗ್ ನೋಡಿಕೊಂಡರು. ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗಬೇಕು, ಊರಿನಲ್ಲಿ ವರ್ಷಪೂರ್ತಿ ಹೂವು ಇರಬೇಕು ಅನ್ನುವುದು ಅವರ ಯೋಚನೆ. ಹಾಗೆ ಮರಗಳನ್ನು ಹಾಕಿಸಿದರು. ಅದರ ಲಾಭ ಇವತ್ತಿಗೂ ನಮಗೆ ಸಿಗುತ್ತಿದೆ. ಜನವರಿಯಿಂದ ಮಾರ್ಚ್‌ವರೆಗೆ ಟಬೆಬುಯಾ, ಜಕರಾಂಡ. ಯುಗಾದಿ ಹೊತ್ತಿಗೆ ಹೊಂಗೆಯ ಎಳೆ ಚಿಗುರು, ಹಿಂದೆಯೇ ಅದರ ಹೂವು. ಏಪ್ರಿಲ್, ಮೇನಲ್ಲಿ ಗುಲ್‌ಮೊಹರ್. ಮಳೆ ಮುಗಿದು ಚಳಿ ಶುರುವಾಗುವಾಗ ಆಕಾಶಮಲ್ಲಿಗೆ ನೆಲಕ್ಕೆ ಬೀಳುತ್ತದೆ, ಪರಿಮಳದ ಸಮೇತ.

ನನ್ನನ್ನು ಕೇಳಿದರೆ ಆಕಾಶಮಲ್ಲಿಗೆ ಕಾಲವೇ ಚೆಂದ. ಹೂವು ಮೇಲೆ ನೋಡಬೇಕಾಗಿಲ್ಲ, ಕೆಳಗೇ ಬಿದ್ದಿರುತ್ತದೆ. ಅದನ್ನು ಎಲ್ಲರ ಕೈಗೂ ಕೊಡಬಹುದು. ಉದ್ದ ಕೊಳವೆಯನ್ನು ಬೆರಳಿನಲ್ಲಿ ಅಳೆಯಬಹುದು. ಕತ್ತಲಾದ ಮೇಲೆ ಅರಳುವ ಈ ಹೂವಿನ ತಳದ ಮಕರಂದಕ್ಕೆ ಉದ್ದ ನಾಲಿಗೆಯ ರಾತ್ರಿ ಪತಂಗಗಳು ಬರುತ್ತವೆ ಅಂತ ಆಗ ಹೇಳಿದರೆ, ಕೈಯಲ್ಲಿರುವ ಕೊಳವೆಯೇ ಅರ್ಥ ಮಾಡಿಸುತ್ತದೆ.

4. ಐದು ಕಡೆ ನಿಲ್ಲಿ, ಅಷ್ಟೇ

ಒಟ್ಟು ಮುನ್ನೂರು ಮೀಟರ್, ಒಂದೂವರೆ ಗಂಟೆ. ಇದು ತುಂಬ ಕಡಿಮೆ ಅನ್ನಿಸಬಹುದು. ಮಾಡಿ ನೋಡಿ, ಸಮಯವೇ ಸಾಲುವುದಿಲ್ಲ. ಪ್ರತಿ ನಿಲ್ದಾಣಕ್ಕೂ ಒಂದು ಇಂದ್ರಿಯವನ್ನು ಮುಂದಿಡಿ. ಕಣ್ಣನ್ನು ಕೊನೆಗೆ ಇಡಿ.

ಕಿವಿಗೆ ಅರಳಿ ಮರ. ಎಲ್ಲರನ್ನೂ ಕೆಳಗೆ ಸುಮ್ಮನೆ ಎರಡು ನಿಮಿಷ ಕೂರಿಸಿ. ಗಾಳಿಯೇ ಇಲ್ಲ ಅನ್ನಿಸುವಾಗಲೂ ಮೇಲೆ ಸಣ್ಣ ಮಳೆ ಬಂದ ಹಾಗೆ ಪಟಪಟ ಅನ್ನುತ್ತಿರುತ್ತದೆ. ಆಮೇಲೆ ಬಿದ್ದ ಎಲೆಯನ್ನು ಕೈಗೆ ಕೊಡಿ. ತೊಟ್ಟು ಎಷ್ಟು ಉದ್ದ, ಎಷ್ಟು ತೆಳು! ಎಲೆ ಮಾತ್ರ ಅಗಲ. ತೊಟ್ಟು ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಲು ಹೇಳಿ. ಈಗ ಶಬ್ದ ಎಲ್ಲಿಂದ ಬಂತು ಅಂತ ನೀವು ವಿವರಿಸಬೇಕಾಗಿಲ್ಲ. ಕೊನೆಗೆ ಎಲೆಯ ತುದಿಯ ಬಾಲ ಮುಟ್ಟಿಸಿ. ಮಳೆ ನೀರು ಎಲೆಯ ಮೇಲೆ ನಿಲ್ಲದೆ ಇಳಿದುಹೋಗುವುದು ಅಲ್ಲಿಂದ.

ಕೈಗೆ ಲಾಲ್‌ಬಾಗಿನ ಬಂಡೆ. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೇಲೆ ಹತ್ತಲೇಬೇಕು ಅಂತ ಇಲ್ಲ. ಅದರ ವಿಷಯವೆಲ್ಲ ಬುಡದಲ್ಲೇ ಇದೆ. ಕುರ್ಚಿಯಿಂದ ಕೈಗೆ ಸಿಗುವಂಥ ಜಾಗವನ್ನು ಮೊದಲೇ ಹುಡುಕಿಡಿ. ಅಂಗೈ ಅಗಲಿಸಿ ಇಟ್ಟು ನಿಧಾನ ಸರಿಸಿದರೆ ತರಿತರಿ ಸಿಗುತ್ತದೆ, ನಡುವೆ ನುಣುಪು ಸಿಗುತ್ತದೆ. ಕಣ್ಣಿಗೆ ಬಿಳಿ, ಕಪ್ಪು ಪಟ್ಟೆಗಳು ಕಾಣುತ್ತವೆ. ಬಿಳಿ ಕಡೆ ಬೆಣಚು ಜಾಸ್ತಿ. ಕಪ್ಪಿನಲ್ಲಿ ಕರಿಯ ಕಾಗೆಬಂಗಾರ ಇದೆ, ಹುಡುಗರಿದ್ದಾಗ ಹೊಳೆಯುತ್ತೆ ಅಂತ ಆರಿಸಿಕೊಳ್ಳುತ್ತಿದ್ದೆವಲ್ಲ, ಆ ಜಾತಿಯದ್ದೇ. ನೆಲದ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಖನಿಜಗಳು ಹೀಗೆ ಸಾಲು ಸಾಲಾಗಿ ಬೇರೆಯಾಗಿವೆ. ಸಂಜೆ ಹೋದರೆ ಹಗಲಿನ ಬಿಸಿಲು ಇನ್ನೂ ಬಂಡೆಯೊಳಗೆ ಇರುತ್ತದೆ. ಆ ಶಾಖಕ್ಕೆ ಕೈಯಿಟ್ಟು ಜನ ಎಷ್ಟೋ ಹೊತ್ತು ಮಾತೇ ಆಡುವುದಿಲ್ಲ.

ಮೂಗಿಗೆ ನಾಗಲಿಂಗ. ಇದರ ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಕಾಂಡದಿಂದಲೇ ಜೋತುಬೀಳುವ ಕಡ್ಡಿಗಳಲ್ಲಿ ಬಿಡುತ್ತದೆ. ಕುಳಿತವರ ಮುಖದ ಎತ್ತರಕ್ಕೂ ಬರುತ್ತದೆ. ಹೆಡೆಯನ್ನು ಮೆಲ್ಲಗೆ ಎತ್ತಿ ಒಳಗೆ ಬೆರಳಾಡಿಸಿದರೆ ಎರಡು ಬಗೆಯ ಕೇಸರ ಸಿಗುತ್ತದೆ. ನಡುವಿನ ಉಂಗುರದ ಪರಾಗ ಬೀಜ ಕಟ್ಟುವುದಕ್ಕೆ, ಹೆಡೆಯದ್ದು ಬರುವ ದುಂಬಿಗೆ ಊಟಕ್ಕೆ. ಮರ ದಕ್ಷಿಣ ಅಮೆರಿಕದ್ದು, ಹೆಸರು ಮಾತ್ರ ಪೂರ್ತಿ ನಮ್ಮದು. ಒಂದು ಎಚ್ಚರ: ಕಾಯಿಗಳು ಗುಂಡಿನ ಹಾಗೆ ಭಾರ ಇರುತ್ತವೆ. ಕಾಯಿಯ ಕೆಳಗೆ ಯಾರ ಕುರ್ಚಿಯನ್ನೂ ನಿಲ್ಲಿಸಬೇಡಿ.

ನಾಲ್ಕನೆಯದು ಅತ್ತಿ. "ಅತ್ತಿ ಹೂವು ಕಂಡವರಿಲ್ಲ" ಅಂತ ಹಿರಿಯರು ಹೇಳುತ್ತಾರೆ. ಬಿದ್ದ ಕಾಯಿಯನ್ನು ಎರಡು ಹೋಳು ಮಾಡಿ, ಭೂತಗನ್ನಡಿ ಕೊಡಿ. ಹೂವೆಲ್ಲ ಒಳಗೇ ಇದೆ! ನೂರಾರು ಪುಟ್ಟ ಹೂವುಗಳು ಒಳಮುಖವಾಗಿ ಕೂತಿವೆ. ಮಿಲಿಮೀಟರಿನ ಲೆಕ್ಕದ ಕಣಜ ಒಂದು ಸಣ್ಣ ಬಾಯಿಯಿಂದ ಒಳಗೆ ನುಸುಳಿ ಪರಾಗ ಮುಟ್ಟಿಸುತ್ತದೆ, ಅಲ್ಲೇ ಮೊಟ್ಟೆಯಿಡುತ್ತದೆ. ಅತ್ತಿ ಹಣ್ಣಿನಲ್ಲಿ ಹುಳ ಯಾಕೆ ಅನ್ನುವುದಕ್ಕೆ ಉತ್ತರ ಇದೇ.

ಐದನೆಯ ನಿಲ್ದಾಣ ಖಾಲಿ ಬಿಡಿ. ಬಂದವರೇ ಆರಿಸಲಿ.

5. ಮುಟ್ಟಿಸುವ ಮುಂಚೆ ನೀವು ಮುಟ್ಟಿ

ಇದರಲ್ಲಿ ರಾಜಿ ಬೇಡ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ತೊಗಟೆಯ ಮೇಲೆ ಕಂಬಳಿಹುಳ ಇದೆಯಾ, ಚಿಗಳಿ ಇರುವೆ ಸಾಲು ಇದೆಯಾ ನೋಡಿ. ಕಣಗಿಲೆ, ಎಕ್ಕದ ಗಿಡ ಮುಟ್ಟಿಸಬೇಡಿ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಷ್ಟ. ಎತ್ತರದ ಕೊಂಬೆಗಳಲ್ಲಿ ಹೆಜ್ಜೇನು ಕಂಡರೆ ದಾರಿಯನ್ನೇ ಬದಲಾಯಿಸಿ. ಅವಸರದಲ್ಲಿ ಓಡಲಾಗದವರು ಗುಂಪಿನಲ್ಲಿದ್ದಾರೆ. ಸೆಂಟು ಹಾಕಿಕೊಂಡು ಬರಬೇಡಿ ಅಂತ ಮೊದಲೇ ಹೇಳಿ.

6. ಜೊತೆಗೆ ನಡೆಯುವ ರೀತಿ

ಕಣ್ಣು ಕಾಣದವರ ಕೈಯನ್ನೋ ಕೋಲನ್ನೋ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಕೊಡಿ, ಅರ್ಧ ಹೆಜ್ಜೆ ಮುಂದೆ ನಡೆಯಿರಿ. "ಅಲ್ಲಿ ನೋಡಿ" ಅನ್ನುವುದರಿಂದ ಉಪಯೋಗವಿಲ್ಲ. ಗಡಿಯಾರದ ಲೆಕ್ಕ ಹೇಳಿ: "ನಿಮ್ಮ ಎರಡು ಗಂಟೆ ದಿಕ್ಕಿನಲ್ಲಿ, ತಲೆಗಿಂತ ಮೇಲೆ, ಕುಟ್ರು ಹಕ್ಕಿ ಕೂಗುತ್ತಿದೆ." ಮಾತು ಶುರುಮಾಡುವಾಗ ನಿಮ್ಮ ಹೆಸರು ಹೇಳಿ. ಹೊರಡುವಾಗಲೂ ಹೇಳಿ ಹೊರಡಿ.

ಕಿವಿ ಕೇಳದವರಿದ್ದರೆ ಸನ್ನೆ ಭಾಷೆ ಬಲ್ಲವರು ನಿಮ್ಮ ಪಕ್ಕದಲ್ಲೇ, ಮುಖಕ್ಕೆ ಬೆಳಕು ಬೀಳುವ ಹಾಗೆ ನಿಲ್ಲಬೇಕು. ಎಲೆ ನೋಡುತ್ತಿರುವಾಗ ಮಾತಾಡಬೇಡಿ. ಅವರು ಏಕಕಾಲಕ್ಕೆ ಎಲೆಯನ್ನೂ ಕೈಸನ್ನೆಯನ್ನೂ ನೋಡಲಾಗುವುದಿಲ್ಲ, ಅಲ್ವಾ? ಮೊದಲು ಹೇಳಿ, ನಿಲ್ಲಿಸಿ, ಆಮೇಲೆ ನೋಡಲು ಬಿಡಿ. ಈ ಒಂದು ಅಭ್ಯಾಸದಿಂದ ನನ್ನ ಮಾತು ಅರ್ಧಕ್ಕೆ ಇಳಿಯಿತು. ಉಳಿದವರಿಗೂ ಅದು ಒಳ್ಳೆಯದೇ ಆಯಿತು.

ವೀಲ್‌ಚೇರನ್ನು ಕೇಳದೆ ತಳ್ಳಬೇಡಿ. ಗುಂಪು ನಿಂತಾಗ ಕುರ್ಚಿಯವರು ಹಿಂದೆ ಉಳಿಯುತ್ತಾರೆ, ಎಲ್ಲರ ಬೆನ್ನೇ ಕಾಣುತ್ತದೆ. ಅವರನ್ನು ಮುಂದೆ ಕರೆಯಿರಿ. ಆಟಿಸಂ ಇರುವ ಮಕ್ಕಳ ಮನೆಗೆ ಐದೂ ನಿಲ್ದಾಣದ ಫೋಟೋ ಹಿಂದಿನ ದಿನವೇ ಕಳಿಸಿ. ಜನರಿಂದ ದೂರ ಕೂರಲು ಒಂದು ಶಾಂತವಾದ ಬೆಂಚು ತೋರಿಸಿ. ನಡುವೆ ಎದ್ದು ಹೋದರೆ ಯಾರೂ ಏನೂ ಕೇಳಬಾರದು.

7. ಚಿತ್ರ: ಕಣ್ಣಿದ್ದವರಿಗೆ ಮಾತ್ರ ಅಲ್ಲ

ಗಿಡವನ್ನು ಅರಿಯಲು ಚಿತ್ರ ಬರೆಯುವುದು ನಮ್ಮೂರಿಗೆ ಹೊಸದಲ್ಲ. 19ನೇ ಶತಮಾನದ ಕೊನೆಯಲ್ಲಿ ಜಾನ್ ಕ್ಯಾಮರಾನ್ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದಾಗ ಚೆಲುವಯ್ಯ ರಾಜು ಅಲ್ಲಿನ ಗಿಡಗಳನ್ನು ಎಲೆ ಎಲೆಯಾಗಿ ಬರೆದರು. 2014ರಲ್ಲಿ ಶುರುವಾದ "ನೆರಳು" ಮರಗಳ ಹಬ್ಬವೂ ಕಲೆಯನ್ನೂ ಮರವನ್ನೂ ಜೊತೆಗೆ ತಂದಿತು. ನೀವು ಕಲಾವಿದರೇ ಆಗಿರಬೇಕು ಅಂತ ಇಲ್ಲ. ಈ ನಾಲ್ಕು ಸಾಕು.

ಜೇಡಿಮಣ್ಣು. ಚಪಾತಿ ಹಿಟ್ಟಿನಷ್ಟು ಮೆದು ಇರಬೇಕು. ಅಂಗೈಯಷ್ಟು ಬಿಲ್ಲೆ ತಟ್ಟಿ, ಎಲೆಯ ಬೆನ್ನನ್ನು ಕೆಳಗೆ ಮಾಡಿ ಇಟ್ಟು ಒತ್ತಿ, ತೊಟ್ಟು ಹಿಡಿದು ಎತ್ತಿ. ನರಗಳ ಜಾಲ ಪೂರ್ತಿ ಮೂಡಿರುತ್ತದೆ. ಅರಳಿ, ಹಲಸು, ಹೊಂಗೆಯ ಅಚ್ಚುಗಳನ್ನು ಪಕ್ಕಪಕ್ಕ ಇಟ್ಟರೆ ಬೆರಳಿನಲ್ಲೇ ಯಾವುದು ಯಾವುದು ಅಂತ ಹೇಳಬಹುದು. ಇದರಲ್ಲಿ ಕಣ್ಣು ಕಾಣದವರು ಉಳಿದವರಿಗೆ ಕಲಿಸುತ್ತಾರೆ.

ಮೇಣದ ಬಣ್ಣದ ಉಜ್ಜು. ತೊಗಟೆಯ ಮೇಲೆ ತೆಳು ಹಾಳೆ ಇಟ್ಟು ಬಣ್ಣದ ಕಡ್ಡಿಯನ್ನು ಅಡ್ಡ ಮಲಗಿಸಿ ಉಜ್ಜುವುದು. ಕೈ ನಡುಗುವವರಿಗೆ ಹಾಳೆಯನ್ನು ಇನ್ನೊಬ್ಬರು ಹಿಡಿಯಲಿ.

ಅರಿಶಿನ ಚಿತ್ರ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ಲ, ಅದೇ. ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿಕೊಂಡು ಬನ್ನಿ. ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಕುಂಚ ಅದ್ದಿ ಬರೆದರೆ ಕೆಂಪು ಗೆರೆ ಬರುತ್ತದೆ. ಸುಣ್ಣದಷ್ಟು ಗಾಢ ಅಲ್ಲ, ಆದರೆ ಮಕ್ಕಳ ಕೈಗೆ ಸೋಡಾ ವಾಸಿ. ಅದರ ಮೇಲೆ ನಿಂಬೆರಸ ಸವರಿ. ಗೆರೆ ಮತ್ತೆ ಹಳದಿಗೆ ತಿರುಗುತ್ತದೆ. ಕ್ಷಾರ, ಆಮ್ಲದ ಪಾಠ ಅಲ್ಲೇ ಮುಗಿಯಿತು. ಶಂಖಪುಷ್ಪ ಸಿಕ್ಕರೆ ಅದರ ನೀಲಿ ನೀರಿಗೂ ನಿಂಬೆ ಹಿಂಡಿ ನೋಡಿ.

ನಾಲ್ಕನೆಯದು ನನಗೆ ತುಂಬ ಇಷ್ಟ. ಮರ್ಲಿನ್ ಅನ್ನುವ ಆ್ಯಪ್ ಹಕ್ಕಿ ಕೂಗನ್ನು ಕೇಳಿಸಿಕೊಂಡು ಹೆಸರು ಹೇಳುತ್ತದೆ. ಹಾಗೆ ಕೇಳುವಾಗ ಕೂಗಿನ ಚಿತ್ರವೂ ಪರದೆಯ ಮೇಲೆ ಹರಿಯುತ್ತಿರುತ್ತದೆ. ಕಂಚುಗಾರ ಹಕ್ಕಿ ಟಂಕ್ ಟಂಕ್ ಅಂದರೆ ಒಂದೇ ಎತ್ತರದಲ್ಲಿ, ಒಂದೇ ಅಂತರದಲ್ಲಿ ಚುಕ್ಕಿಗಳು ಬೀಳುತ್ತವೆ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಕೋಗಿಲೆಯದ್ದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಕಿವಿ ಕೇಳದ ಹುಡುಗಿಯೊಬ್ಬಳು ಈ ಚುಕ್ಕಿಗಳನ್ನು ಹಾಳೆಯ ತುಂಬ ಬರೆದಳು. ಪಕ್ಕದಲ್ಲಿದ್ದ ಕಣ್ಣು ಕಾಣದ ಹಿರಿಯರೊಬ್ಬರು ಅವಳ ಅಂಗೈ ಮೇಲೆ ಅದೇ ತಾಳವನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಇಬ್ಬರೂ ಒಂದೇ ಹಕ್ಕಿಯ ಬಗ್ಗೆ ಮಾತಾಡುತ್ತಿದ್ದರು.

8. ಆ ದಿನ

ಬೆಳಗ್ಗೆ ಏಳೂವರೆಗೆ ಶುರು, ಒಂಬತ್ತಕ್ಕೆ ಮುಗಿಯಲಿ. ಚೀಲದಲ್ಲಿ ನೀರು, ಒದ್ದೆ ಬಟ್ಟೆ, ಮಡಚುವ ಸ್ಟೂಲ್ ಎರಡು, ಗೇಟಿನ ಹಲಗೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಬರೆಯುವ ಹಾಳೆಗೆ ಗಟ್ಟಿ ರಟ್ಟು ಬೇಕು, ತೊಡೆಯ ಮೇಲೆ ಇಟ್ಟುಕೊಳ್ಳೋಕೆ. ಮಳೆ ಬಂದರೆ ಸುಮ್ನೆ ಮುಂದೂಡಿ. ಒದ್ದೆ ಎಲೆಯ ಮೇಲೆ ಊರುಗೋಲು ಜಾರುತ್ತದೆ. ನಡಿಗೆಯ ವೇಗ ಅತ್ಯಂತ ನಿಧಾನ ಇರುವವರದ್ದು. ಅವರು ಮುಂದೆ, ನೀವು ಹಿಂದೆ.

ನೀವೇ ಒಂದು ನಡಿಗೆಗೂ ಹೋಗಿಲ್ಲ ಅಂದರೆ ಮೊದಲು ಲಾಲ್‌ಬಾಗಿಗೆ ತಿಂಗಳ ಎರಡನೇ ಭಾನುವಾರ ಹೋಗಿ ಬನ್ನಿ. ಹಕ್ಕಿ ನೋಡುವವರು ಅಲ್ಲಿ ದಶಕಗಳಿಂದ ಸೇರುತ್ತಾ ಬಂದಿದ್ದಾರೆ. ಗೊತ್ತಿಲ್ಲದ್ದನ್ನು ಕೇಳಿದರೆ ಪ್ರೀತಿಯಿಂದ ಹೇಳುತ್ತಾರೆ.

9. ಮುಗಿದ ಮೇಲೆ

ಮನೆಗೆ ಹೋಗುವ ಮುಂಚೆ ಒಂದೇ ಮಾತು ಕೇಳಿ: "ಇವತ್ತು ಎಲ್ಲಿ ಕಷ್ಟ ಆಯ್ತು?" ಚೆನ್ನಾಗಿತ್ತಾ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅಂತಲೇ ಅನ್ನುತ್ತಾರೆ. ಕಷ್ಟ ಎಲ್ಲಿ ಅಂತ ಕೇಳಿ ಬರೆದುಕೊಳ್ಳಿ. ಗೇಟು, ಮೆಟ್ಟಿಲು, ಬೀಗ ಹಾಕಿದ ಶೌಚಾಲಯ ಇದ್ದರೆ ಅಳತೆ, ಫೋಟೋ ಸಮೇತ ಇಲಾಖೆಗೆ ಅರ್ಜಿ ಕೊಡಿ. ಗುಂಪಿನಲ್ಲಿ ಬಂದವರೆಲ್ಲ ಸಹಿ ಹಾಕಲಿ.

ಮರದ ಲೆಕ್ಕವನ್ನೂ ಬಿಡಬೇಡಿ. ಮರಗಳು ಯಾವಾಗ ಚಿಗುರುತ್ತವೆ, ಹೂಬಿಡುತ್ತವೆ ಅಂತ ಜನರೇ ಬರೆದಿಡುವ ಸೀಸನ್‌ವಾಚ್ ಯೋಜನೆಯಲ್ಲಿ ಒಂದು ಮರ ನೋಂದಾಯಿಸಿ, ಚಿಗುರು, ಹೂವು, ಕಾಯಿ ಎಷ್ಟಿದೆ ಅಂತ ವಾರಕ್ಕೊಮ್ಮೆ ಬರೆಯಿರಿ. ಮನೆಯಿಂದ ದೂರ ಹೋಗಲಾಗದವರು ಕಿಟಕಿಯಿಂದ ಕಾಣುವ ಮರವನ್ನೇ ಬರೆಯಬಹುದು.

ಇನ್ನೊಂದು ಕೆಲಸ ಇದೆ. ಒಂದು ಎಳೆಯ ಹೊಂಗೆ ಮರ ಆರಿಸಿಕೊಳ್ಳಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಹತ್ತಿ ದಾರ ಸುತ್ತಿ. ಸುತ್ತಳತೆಯನ್ನು ಅಳೆಯುವುದು ಈ ಎತ್ತರದಲ್ಲೇ. ಕುರ್ಚಿಯಲ್ಲಿ ಕೂತವರ ಕೈಗೂ ಇದು ಸಿಗುತ್ತದೆ. ದಾರದ ತುದಿ ಸುತ್ತಿ ಬಂದು ಮುಟ್ಟುವ ಕಡೆ ದಾರದಲ್ಲೇ ಗುರುತಿಗೆ ಒಂದು ಗಂಟು ಹಾಕಿ, ದಾರವನ್ನು ಮರದಿಂದ ತೆಗೆದು, ಮೇಲೆ ತಾರೀಕು ಬರೆದ ಚೀಟಿ ಕಟ್ಟಿ ಇಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಜನರನ್ನು ಕರೆದು ಅದೇ ದಾರವನ್ನು ಮತ್ತೆ ಸುತ್ತಿ. ಗಂಟು ತುದಿಗೆ ಮುಟ್ಟುವುದಿಲ್ಲ. ನಡುವಿನ ಜಾಗಕ್ಕೆ ಒಬ್ಬೊಬ್ಬರೇ ಬೆರಳಿಟ್ಟು ನೋಡಲಿ.